ಸತ್ತ ಇರುವೆ ಬೇಡ, ಮರಿಹುಳು ಕಳಿಸಿ

ಘಟ್ಟದ ಕಾಡಿನಿಂದ ಪಾರ್ಸೆಲ್ ಬಂತು ಅಂದರೆ ಈಗೀಗ ನನಗೆ ಭಯ. ಅಚ್ಚುಕಟ್ಟಾದ ಲೇಬಲ್, ಜಿಪಿಎಸ್ ಅಂಕಿ, ಎಲ್ಲಾ ಸರಿ. ಆದರೆ ಪ್ರತಿ ಟ್ಯೂಬಿನಲ್ಲೂ ಆಲ್ಕೋಹಾಲಿನಲ್ಲಿ ಮುಳುಗಿದ ಕೆಲಸಗಾರ ಇರುವೆ. ಜೊತೆಗೊಂದು ಚೀಟಿ: ಇದರ ಕ್ರೋಮೋಸೋಮ್ ಎಷ್ಟು ಅಂತ ದಯವಿಟ್ಟು ನೋಡಿ ಹೇಳಿ.

ಹೇಗೆ ನೋಡಲಿ? ಕ್ರೋಮೋಸೋಮ್ ಅಂದರೆ ಜೀವಕೋಶದೊಳಗಿನ ಡಿಎನ್‌ಎ ಎಳೆ. ಅದು ಬಿಡಿಬಿಡಿಯಾಗಿ ಕಾಣುವುದು ಒಂದು ಜೀವಕೋಶ ಎರಡಾಗುವ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತು ಅದು ಸಿಕ್ಕು ಬಿದ್ದ ನೂಲಿನ ಉಂಡೆ. ಬೆಳೆದ ಇರುವೆಯ ಮೈಯಲ್ಲಿ ಎರಡಾಗುತ್ತಿರುವ ಕೋಶ ಸಿಗುವುದೇ ಅಪರೂಪ. ಆಲ್ಕೋಹಾಲಿಗೆ ಬಿದ್ದ ಮೇಲಂತೂ ಕಥೆ ಮುಗಿಯಿತು. ಡಿಎನ್‌ಎ ಉಳಿಯುತ್ತದಲ್ಲ ಅಂತ ಕೇಳುತ್ತಾರೆ. ಉಳಿಯುತ್ತದೆ, ಆದರೆ ಎಣಿಸಲು ಅದು ಸಾಲದು. ಎರಡಾಗುತ್ತಿರುವ ಕೋಶವೇ ಬೇಕು, ಅದಕ್ಕೆ ಜೀವಂತ ಮರಿಹುಳುವೇ ಬೇಕು.

ಅದರಲ್ಲೂ ತಿನ್ನುವುದು ಬಿಟ್ಟು, ಹೊಟ್ಟೆಯ ಕಪ್ಪು ಕಸ ಹೊರಹಾಕಿ, ಪ್ಯೂಪಾ (ಹುಳು ಇರುವೆಯಾಗಿ ಬದಲಾಗುವ ಹಂತ) ಆಗಲು ಸಜ್ಜಾಗಿರುವ ಮರಿಹುಳು. ಆಗ ಅದರ ಮಿದುಳಿನ ಕೋಶಗಳು ಭರದಿಂದ ಎರಡಾಗುತ್ತಿರುತ್ತವೆ. ಆ ಮಿದುಳನ್ನು ಸೂಜಿಯ ತುದಿಯಲ್ಲಿ ಬಿಡಿಸಿ ಕೋಲ್ಚಿಸಿನ್ ಅನ್ನುವ ವಿಷ ಬೆರೆಸಿದ ತೆಳು ಉಪ್ಪುದ್ರಾವಣದ ಹನಿಯಲ್ಲಿ ಇಡುತ್ತೇವೆ. ಗೌರಿಹೂವಿನ ಗಡ್ಡೆಯಲ್ಲಿರುವುದೂ ಇದೇ ವಿಷ. ಎರಡಾಗುತ್ತಿದ್ದ ಕೋಶ ಅರ್ಧದಲ್ಲೇ ನಿಂತು, ನೀರು ಹೀರಿ ಊದುತ್ತದೆ. ಕ್ರೋಮೋಸೋಮ್‌ಗಳು ಚದುರುತ್ತವೆ. ಆಮೇಲೆ ಗೀಮ್ಸಾ ಬಣ್ಣ, ಎಣಿಕೆ.

ಮಲೆನಾಡಿನಲ್ಲಿ ಚಗಳಿ (ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ) ಚಟ್ನಿ ಮಾಡುವ ಅಜ್ಜಿಯೊಬ್ಬರಿಗೆ ಇದನ್ನು ವಿವರಿಸುವ ಕಷ್ಟವೇ ಬರಲಿಲ್ಲ. ಎಲೆಗೂಡು ಕೊಡವಿ, ಬಿಳಿ ಹುಳುಗಳನ್ನು ಬೆರಳಲ್ಲಿ ಸರಿಸುತ್ತಾ, "ಇದು ಇನ್ನೂ ತಿಂತದೆ, ಇದು ತಿನ್ನೋದು ಬಿಟ್ಟದೆ" ಅಂದರು. ಎಂ.ಎಸ್ಸಿ ಮಾಡಿದವರಿಗೆ ಮಾತ್ರ ಇಮೇಲ್ ಮೇಲೆ ಇಮೇಲ್ ಬರೆಯಬೇಕು!

ಇಷ್ಟೆಲ್ಲ ರಗಳೆ ಯಾಕೆ ಅಂದರೆ, ಮಳೆಕಾಡಿನಲ್ಲಿ ನೋಡಲು ಒಂದೇ ಥರ ಇದ್ದು ಒಳಗೆ ಬೇರೆಯಾಗಿರುವ ಇರುವೆಗಳು ಜಾಸ್ತಿ. ಕ್ರೋಮೋಸೋಮ್ ಸಂಖ್ಯೆ ಅದರ ಸುಳಿವು ಕೊಡುತ್ತದೆ. ಇರುವೆಗಳಲ್ಲಿ ಈ ಸಂಖ್ಯೆ ವಿಪರೀತ ಏರಿಳಿಯುತ್ತದೆ. ಆಸ್ಟ್ರೇಲಿಯಾದ ಮಿರ್ಮೀಸಿಯಾ ಕ್ರೋಸ್‌ಲಾಂಡಿಯ ಹೆಣ್ಣಿನಲ್ಲಿ ಕೆಲವೊಮ್ಮೆ ಬರೀ 2. ಬ್ರೆಜಿಲಿನ ಅಟ್ಲಾಂಟಿಕ್ ಮಳೆಕಾಡಿನ ದೈತ್ಯ ಇರುವೆ ಡೈನೋಪೊನೆರಾ ಲೂಸಿಡಾದಲ್ಲಿ 106ರಿಂದ 120. ಗಮನಿಸಿ, ಅದು ಒಂದೇ ಪ್ರಭೇದದೊಳಗಿನ ವ್ಯತ್ಯಾಸ. ಹಾಗಾಗಿ ಸಂಖ್ಯೆ ಬೇರೆ ಬಂತು ಅಂತ ಸುಮ್ನೆ ಹೊಸ ಪ್ರಭೇದ ಘೋಷಿಸಬೇಡಿ. ಸಂಖ್ಯೆ ಒಂದೇ ಇದ್ದರೂ ಒಂದೇ ಪ್ರಭೇದ ಅನ್ನುವ ಖಾತ್ರಿಯಿಲ್ಲ. ಕ್ರೋಮೋಸೋಮಿನ ಆಕಾರ, ಡಿಎನ್‌ಎ, ಮೈಕಟ್ಟು, ಎಲ್ಲವನ್ನೂ ಕೂಡಿಸಿ ನೋಡಬೇಕು. ಇನ್ನೊಂದು ಮಾತು: ಗಂಡು ಇರುವೆ ಹುಟ್ಟುವುದು ಸಾಮಾನ್ಯವಾಗಿ ಗರ್ಭಕಟ್ಟದ ಮೊಟ್ಟೆಯಿಂದ, ಅದರಲ್ಲಿ ಅರ್ಧ ಸಂಖ್ಯೆಯೇ ಇರುತ್ತದೆ. ಒಂದೇ ಹುಳು ನೋಡಿ ತೀರ್ಪು ಕೊಡಲು ನಾನು ತಯಾರಿಲ್ಲ.

ಕಾಡಿಗೆ ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಇರಲಿ. ಮರಿಹುಳುಗಳನ್ನು ಅದೇ ಗೂಡಿನ ಕೆಲಸಗಾರರ ಜೊತೆಗೇ, ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ತನ್ನಿ. ಕೆಲಸಗಾರ ಇರುವೆಗಳು ಹುಳುಗಳನ್ನು ನೋಡಿಕೊಳ್ಳುತ್ತವೆ, ಎಣಿಸಿದ್ದು ಯಾವ ಇರುವೆಯದು ಅಂತ ಗುರುತಿಸಲೂ ಬೇಕಾಗುತ್ತವೆ. ಆದಷ್ಟು ನೀವೇ ತಂದುಕೊಡಿ. ಕೊರಿಯರ್ ಮಾಡಲೇಬೇಕಾದರೆ ಸೋಮವಾರ ಹಾಕಿ. ಶನಿವಾರ ಹಾಕಿದರೆ ಭಾನುವಾರವೆಲ್ಲ ಗೋದಾಮಿನಲ್ಲಿ ಬೆಂದು, ಮಂಗಳವಾರ ನನ್ನ ಮೇಜಿಗೆ ಬರುತ್ತವೆ.