ಸಿಎಸ್ ಸೀಟು: ಬಾಗಿಲಲ್ಲಿ ಜಗಳ, ಒಳಗೆ ಮೌನ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜಿನಲ್ಲಿ ಓದಿದ ಯಾರನ್ನೇ ನಡುರಾತ್ರಿ ಎಬ್ಬಿಸಿ ಕೇಳಿದರೂ ತಮ್ಮ ಯುಎಸ್‌ಎನ್ ತಪ್ಪಿಲ್ಲದೆ ಹೇಳುತ್ತಾರೆ. ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ, ಹತ್ತು ಅಕ್ಷರ, ಅಂಕಿಗಳ ಸಾಲು ಅದು. ಮೊದಲ ಅಂಕಿ ಪ್ರಾಂತ್ಯದ್ದು: ಬೆಂಗಳೂರಿಗೆ 1, ಬೆಳಗಾವಿಗೆ 2, ಕಲಬುರಗಿಗೆ 3, ಮೈಸೂರಿಗೆ 4. ಆಮೇಲೆ ಕಾಲೇಜು, ಸೇರಿದ ವರ್ಷ, ಬ್ರಾಂಚು, ಕೊನೆಗೆ ಕ್ರಮಸಂಖ್ಯೆ. ಆ ಸಾಲಿನ ನಡುವೆ ‘ಸಿಎಸ್’ (ಕಂಪ್ಯೂಟರ್ ಸೈನ್ಸ್) ಎಂಬ ಎರಡು ಅಕ್ಷರ ಕೂರಲಿ ಎಂದು ಹೊಲ ಮಾರಿದವರನ್ನೂ ಪಿಎಫ್ ಹಣ ಬಿಡಿಸಿಕೊಂಡವರನ್ನೂ ನಾನು ಕಂಡಿದ್ದೇನೆ. ಅದೇ ಎರಡಕ್ಷರ ಇಟ್ಟುಕೊಂಡು ನಾಲ್ಕು ವರ್ಷ ಓದಿ, ಮುಂದೆ ಕೆಲಕಾಲ ಪಾಠವನ್ನೂ ಮಾಡಿದವನಾದ್ದರಿಂದ, ಈ ಸೀಟಿಗೆ ಇಷ್ಟು ಬೆಲೆ ಬಂದ ಬಗೆಯನ್ನು ಹಿಂದಿನಿಂದ ಹೇಳಬೇಕೆನಿಸಿದೆ.

1917ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾದಾಗ ನಮ್ಮ ಜನಕ್ಕೆ ಎಂಜಿನಿಯರ್ ಎಂದರೆ ಕಟ್ಟೆ, ಸೇತುವೆ, ರಸ್ತೆ ಕಟ್ಟುವವ. 1946ರಲ್ಲಿ ಬೆಂಗಳೂರಿನ ಬಿಎಂಎಸ್, ಅದೇ ವರ್ಷ ಮೈಸೂರಿನ ಎನ್‌ಐಇ, ಮರುವರ್ಷ ಹುಬ್ಬಳ್ಳಿಯ ಬಿವಿಬಿ ಬಂದವು. ಅರವತ್ತರ ದಶಕದಲ್ಲಿ ಹಾಸನ, ಮಂಡ್ಯ, ಸುರತ್ಕಲ್‌ಗಳಲ್ಲೂ ಕಾಲೇಜುಗಳು ಎದ್ದವು. ದಾನಿಗಳು, ಮಠಗಳು, ಸಮುದಾಯದ ಸಂಘಗಳು ಕಾಲೇಜು ಕಟ್ಟುವ ಪದ್ಧತಿ ಹೀಗೆ ಬೇರೂರಿತು. ಮುಂದೆ ಕಂಪ್ಯೂಟರ್ ಬಂದಾಗ ಅದನ್ನು ಕಲಿಸಲು ಖಾಸಗಿ ಕಟ್ಟಡಗಳು ಆಗಲೇ ಸಿದ್ಧವಿದ್ದವು. ಸರ್ಕಾರಿ ಕಟ್ಟಡಗಳು ಕಡಿಮೆ ಇದ್ದವು.

ಕಂಪ್ಯೂಟರ್ ಪಾಠ ಈ ದೇಶದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಕಾನ್ಪುರದ ಐಐಟಿಯಲ್ಲಿ. 1963ರಲ್ಲಿ ಅಲ್ಲಿಗೆ ಐಬಿಎಂ 1620 ಯಂತ್ರ ಬಂತು. ವಿದ್ಯಾರ್ಥಿಗಳು ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಪ್ರೋಗ್ರಾಂ ಬರೆಯುತ್ತಿದ್ದ ಕಾಲ. ಅಲ್ಲಿ ಒಂದಿಡೀ ಪೀಳಿಗೆಗೆ ಕಲಿಸಿದ ಪ್ರೊ. ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಂಸಿಎ ಎಂಬ ಕಂಪ್ಯೂಟರ್ ಸ್ನಾತಕೋತ್ತರ ಕೋರ್ಸು ಹುಟ್ಟಿದ್ದರ ಹಿಂದೆಯೂ ಅವರಿದ್ದರು. ಎಂಜಿನಿಯರಿಂಗ್ ಸೀಟು ಸಿಗದ ಬಿಎಸ್ಸಿ ಮಕ್ಕಳಿಗೆ ಆ ಕೋರ್ಸು ತೆರೆದ ದಾರಿಯನ್ನು ನಾವು ಸಾಕಷ್ಟು ನೆನೆದಿಲ್ಲ.

ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಶುರುವಾದದ್ದು ಎಂಬತ್ತರ ದಶಕದ ಮೊದಲ ಭಾಗದಲ್ಲಿ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆಯಿತು. ಕೆಲಸ ಇದ್ದಲ್ಲಿಗೆ ಓದು, ಓದು ಇದ್ದಲ್ಲಿಗೆ ದುಡ್ಡು. ಉತ್ತರ ಭಾರತದಿಂದ ರೈಲು ಹತ್ತಿ ಬಂದ ಮಕ್ಕಳಿಗೂ ಇಲ್ಲಿನ ಖಾಸಗಿ ಕಾಲೇಜುಗಳಲ್ಲಿ ಸೀಟು ಸಿಗುತ್ತಿತ್ತು. ಅದಕ್ಕೆ ತೆರಬೇಕಾದ ಹಣಕ್ಕೆ ಊರಲ್ಲೆಲ್ಲ ಇದ್ದ ಹೆಸರು ‘ಡೊನೇಷನ್’. 1984ರಲ್ಲಿ ವಿಧಾನಮಂಡಲ ಅದನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸಿ ಕಾಯ್ದೆ ಮಾಡಿತು. ಕಾಯ್ದೆ ಬಂದರೂ ಹಣ ಕೈ ಬದಲಾಗುವುದು ನಿಲ್ಲಲಿಲ್ಲ.

ಇಲ್ಲಿಂದ ಮುಂದಿನದು ನ್ಯಾಯಾಲಯದ ಕಥೆ. ಮೋಹಿನಿ ಜೈನ್ ಎಂಬ ಮೀರತ್‌ನ ವಿದ್ಯಾರ್ಥಿನಿಗೆ ತುಮಕೂರಿನಲ್ಲಿ ವೈದ್ಯಕೀಯ ಸೀಟು ಬೇಕಿತ್ತು. ಸರ್ಕಾರದ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರಗಿನವರಿಗೆ 60,000. ಆ 60,000 ಕ್ಯಾಪಿಟೇಷನ್ ಶುಲ್ಕವೇ, ಹೆಸರು ಮಾತ್ರ ಬೇರೆ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಒಂದು ಲೆಕ್ಕಾಚಾರ ಹಾಕಿಕೊಟ್ಟಿತು: ಖಾಸಗಿ ಕಾಲೇಜಿನ ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೆ, ಇನ್ನರ್ಧ ಹೆಚ್ಚಿನ ಶುಲ್ಕಕ್ಕೆ, ಎರಡೂ ಅರ್ಹತೆಯ ಮೇಲೆ. ಆ ಹಂಚಿಕೆಗೆಂದೇ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುವ ನಮ್ಮ ಸಿಇಟಿ ಘಟಕ ಹುಟ್ಟಿತು.

ಆ ದಿನಗಳ ಕೌನ್ಸೆಲಿಂಗ್ ಕಂಡವರು ಮರೆತಿರಲಾರರು. ಊರೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಅಪ್ಪ, ಮಗಳು. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಡಿಡಿ. ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತಾ ಕೂತು, ರ‍್ಯಾಂಕ್ ಕರೆದಾಗ ಎದ್ದುಹೋಗಿ, ನಿಮಿಷದೊಳಗೆ ಕಾಲೇಜು, ಬ್ರಾಂಚು ಹೇಳಿಬಿಡಬೇಕು. ಶಿಫಾರಸು ನಡೆಯದ ಜಾಗ ಅದು. ಯಾರ ಪರಿಚಯವೂ ಇಲ್ಲದ ಮನೆಯ ಹುಡುಗಿ ರ‍್ಯಾಂಕ್ ಒಂದರ ಬಲದಿಂದ ಬೆಂಗಳೂರಿನ ದೊಡ್ಡ ಕಾಲೇಜಿಗೆ ನಡೆದುಹೋದದ್ದು ಅಲ್ಲೇ. ಕರ್ನಾಟಕದ ಆಡಳಿತ ಮಾಡಿದ ನ್ಯಾಯವಾದ ಕೆಲಸಗಳಲ್ಲಿ ಸಿಇಟಿಯನ್ನು ನಾನು ಬಹಳ ಮೇಲೆ ಇಡುತ್ತೇನೆ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಬಂದ ಮೇಲೆ ರಾಜ್ಯದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ ಆಯಿತು.

2002ರ ಅಕ್ಟೋಬರ್ 31ರಂದು ಲೆಕ್ಕಾಚಾರ ಮತ್ತೆ ಬದಲಾಯಿತು. ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠ ಉಣ್ಣಿಕೃಷ್ಣನ್ ಯೋಜನೆಯನ್ನು ಬದಿಗಿಟ್ಟು, ಅನುದಾನವಿಲ್ಲದ ಕಾಲೇಜುಗಳಿಗೆ ಪ್ರವೇಶ, ಶುಲ್ಕಗಳಲ್ಲಿ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು. ಮರುವರ್ಷ ಆ ತೀರ್ಪನ್ನೇ ಬಿಡಿಸಿ ಹೇಳಿದ ಇಸ್ಲಾಮಿಕ್ ಅಕಾಡೆಮಿ ಪ್ರಕರಣ ಬಂತು. ಮೋಹಿನಿ ಜೈನ್, ಟಿ.ಎಂ.ಎ. ಪೈ, ಇಸ್ಲಾಮಿಕ್ ಅಕಾಡೆಮಿ: ಮೂರರಲ್ಲೂ ಎದುರು ಕಕ್ಷಿ ಕರ್ನಾಟಕ ಸರ್ಕಾರ. ದೇಶದ ಖಾಸಗಿ ವೃತ್ತಿಶಿಕ್ಷಣದ ಕಾನೂನೆಲ್ಲ ಬಹುಪಾಲು ನಮ್ಮ ಸೀಟಿನ ಜಗಳದಿಂದಲೇ ಹುಟ್ಟಿದ್ದು. ಇಂದು ಸರ್ಕಾರ ಮತ್ತು ಖಾಸಗಿ ಕಾಲೇಜುಗಳು ಒಪ್ಪಂದ ಮಾಡಿಕೊಂಡು ಸೀಟು ಹಂಚಿಕೊಳ್ಳುತ್ತವೆ: ಸಾಮಾನ್ಯವಾಗಿ ನೂರರಲ್ಲಿ 45 ಸರ್ಕಾರಕ್ಕೆ, 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್-ಕೆಗೆ, 25 ಆಡಳಿತ ಮಂಡಳಿಗೆ. ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಶುಲ್ಕ ಕಟ್ಟಿರುತ್ತಾರೆ.

2001ರ ಡಾಟ್‌ಕಾಂ ಕುಸಿತ, 2008ರ ಹಿಂಜರಿತ ಬಂದಾಗ ‘ಸಿಎಸ್ ಬೇಡಪ್ಪಾ’ ಎಂದವರಿದ್ದರು. ಆ ಮಾತು ಹೆಚ್ಚು ದಿನ ಬಾಳಲಿಲ್ಲ. ಈಗಂತೂ ಸಿವಿಲ್, ಮೆಕ್ಯಾನಿಕಲ್ ತರಗತಿಗಳು ಬಿಕೋ ಎನ್ನುತ್ತವೆ. ಸಿಎಸ್ ಪಕ್ಕದಲ್ಲಿ ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಫಲಕಗಳು ಬಿದ್ದಿವೆ. ಉತ್ತಮ ಸಂಸ್ಥೆಗಳಿಗಿದ್ದ ಸೀಟಿನ ಮಿತಿಯನ್ನು 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ತೆಗೆದ ಮೇಲೆ ಈ ಬೆಳೆ ಇನ್ನೂ ಹುಲುಸಾಯಿತು. ಹುಲುಸಾದಲ್ಲಿ ಕಳ್ಳತನವೂ ಬರುತ್ತದೆ. ಒಳ್ಳೆಯ ರ‍್ಯಾಂಕ್ ಇದ್ದವರ ಹೆಸರಿನಲ್ಲಿ ಬೇಡಿಕೆಯ ಸೀಟು ಹಿಡಿದಿಟ್ಟು, ಕೊನೆಯ ಸುತ್ತಿನ ನಂತರ ಸೇರದೆ ಬಿಟ್ಟರೆ ಆ ಸೀಟು ಕಾಲೇಜಿನ ಕೈಗೆ ಹೋಗುತ್ತದೆ. ಈ ‘ಸೀಟ್ ಬ್ಲಾಕಿಂಗ್’ ಬಗ್ಗೆ 2024ರ ನವೆಂಬರ್‌ನಲ್ಲಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಹಿಡಿದಿಟ್ಟ ಒಂದೊಂದು ಸೀಟೂ ಸರದಿಯಲ್ಲಿ ಮುಂದಿದ್ದ ಯಾವುದೋ ಮಗುವಿನದು. ಇದು ನನಗೆ ಬರೀ ಅಕ್ರಮವಾಗಿ ಕಾಣುವುದಿಲ್ಲ, ಕ್ರೌರ್ಯವಾಗಿ ಕಾಣುತ್ತದೆ.

ನಲವತ್ತು ವರ್ಷ ನಾವು ಜಗಳವಾಡಿದ್ದು ಯಾರು ಒಳಗೆ ಹೋಗಬೇಕು ಎಂಬುದರ ಬಗ್ಗೆ. ಅದರಿಂದ ಒಳ್ಳೆಯದೂ ಆಗಿದೆ. ಹಳ್ಳಿಯಲ್ಲಿ ಹತ್ತನೇ ತರಗತಿವರೆಗೆ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲಿಡುವ ಸಂವಿಧಾನದ 371–ಜೆ ಇದೆ. ಹೊರನಾಡು, ಗಡಿನಾಡು ಕನ್ನಡಿಗರು ಕನ್ನಡ ಪರೀಕ್ಷೆ ಬರೆದು ಅರ್ಹತೆ ಪಡೆಯಬಹುದು. ಆದರೆ ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ಯಾವ ನ್ಯಾಯಪೀಠದ ಮುಂದೆಯೂ ಯಾರೂ ಕೇಳಿಲ್ಲ.

ನಾನು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಕಲಿಸುತ್ತಿದ್ದ ವರ್ಷ ಒಬ್ಬ ಹುಡುಗಿ ಮೊದಲ ಇಂಟರ್ನಲ್ಸ್‌ನಲ್ಲಿ ಸೊನ್ನೆಗೆ ಹತ್ತಿರ ಅಂಕ ತೆಗೆದಳು. ಕರೆದು ಕೂರಿಸಿ ಪರ್ಮ್ಯುಟೇಷನ್ ಲೆಕ್ಕ ಬಿಡಿಸಿ ತೋರಿಸಿದೆ. ಅರ್ಧದಲ್ಲೇ ತಡೆದು, ‘ಸರ್, ಇದು ಕ್ರಮಯೋಜನೆ ಅಲ್ವಾ? ಹೈಸ್ಕೂಲಲ್ಲೇ ಮಾಡಿದ್ದೀನಿ’ ಎಂದಳು. ಕ್ರಮಯೋಜನೆ, ವಿಕಲ್ಪ, ಗಣ, ಸಂಭವನೀಯತೆ, ಶ್ರೇಢಿ, ಎಲ್ಲವೂ ಅವಳಿಗೆ ಗೊತ್ತಿತ್ತು. ಪಿಯುನ ಎರಡು ವರ್ಷ ಸೂತ್ರಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಳು. ಹೊಸ ಹೆಸರಿನ ಹಿಂದೆ ಇರುವುದು ತಾನು ಕಂಡ ಹಳೆಯ ಲೆಕ್ಕವೇ ಎಂದು ಅವಳಿಗೆ ಹೇಳಿದವರಿರಲಿಲ್ಲ. ಬುದ್ಧಿವಂತ ಹುಡುಗಿ ತಾನು ದಡ್ಡಿ ಎಂದು ನಂಬಿ ಕೂತಿದ್ದಳು.

ವಿಟಿಯು ಪಠ್ಯದಲ್ಲಿ ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಇದೆ, ಬರುವವರಿಗೆ ‘ಸಾಂಸ್ಕೃತಿಕ ಕನ್ನಡ’ ಇದೆ. ಎರಡೂ ಬೇಕು. ಕನ್ನಡದಲ್ಲಿ ಗಣಿತ ಕಲಿತು ಬಂದವರಿಗೆ ಆ ಗಣಿತವನ್ನು ಇಂಗ್ಲಿಷಿಗೆ ದಾಟಿಸಿಕೊಳ್ಳುವ ಪಾಠ ಮಾತ್ರ ಇಲ್ಲ. 2021ರಲ್ಲಿ ಎಐಸಿಟಿಇ ಭಾರತೀಯ ಭಾಷೆಗಳಲ್ಲೇ ಬಿಇ ಕಲಿಸಲು ಒಪ್ಪಿಗೆ ಕೊಟ್ಟಾಗ ಇಲ್ಲೂ ಕೆಲವು ಕಾಲೇಜುಗಳು ಮುಂದೆ ಬಂದವು. ಸೇರಲು ಬಂದವರು ಬೆರಳೆಣಿಕೆಯಷ್ಟು. ಮಕ್ಕಳ ತಪ್ಪೇನೂ ಇಲ್ಲ. ಕ್ಯಾಂಪಸ್ ಸಂದರ್ಶನ ಇಂಗ್ಲಿಷ್, ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆ ಇಂಗ್ಲಿಷ್, ಕೋಡ್ ಬರೆಯುವಾಗ ಎದುರಾಗುವ ಎರರ್ ಸಂದೇಶವೂ ಇಂಗ್ಲಿಷ್. ಇಡೀ ಓದನ್ನು ಕನ್ನಡಕ್ಕೆ ತರುವುದಕ್ಕಿಂತ ಮೊದಲು ಬೇಕಿದ್ದದ್ದು ಮೊದಲ ಸೆಮಿಸ್ಟರಿನಲ್ಲಿ ಒಂದು ಸೇತುವೆ: ಎರಡು ಭಾಷೆಯ ಪದಪಟ್ಟಿ, ಎರಡು ಭಾಷೆಯಲ್ಲಿ ಮಾತಾಡಲು ನಾಚದ ಮೇಷ್ಟ್ರು.

ಆ ಹುಡುಗಿ ಉಳಿದ ಸೆಮಿಸ್ಟರುಗಳಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎರಡು ಕಾಲಂ ಹಾಕಿಕೊಂಡಿದ್ದಳು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಹೈಸ್ಕೂಲಿನ ಕನ್ನಡ. ಏಳನೇ ಸೆಮಿಸ್ಟರಿನ ಮಷಿನ್ ಲರ್ನಿಂಗ್ ತರಗತಿಗೆ ಬರುವಷ್ಟರಲ್ಲಿ ಆ ಪಟ್ಟಿ ಹದಿನಾಲ್ಕು ಪುಟ ಆಗಿತ್ತು. ಅದರ ಜೆರಾಕ್ಸ್ ಪ್ರತಿಗಳು ಹಾಸ್ಟೆಲಿನ ಜೂನಿಯರ್‌ಗಳ ಕೈಯಲ್ಲಿದ್ದವು. ಒಂದು ನನ್ನ ಬಳಿಯೂ ಇದೆ.