ಮೆಷಿನ್ ಚೆನ್ನಾಗಿದೆ, ಸ್ಯಾಂಪಲ್ ಹೇಗಿದೆ?

"ಸಿಬಿನಾಟ್ ನೆಗೆಟಿವ್ ಬಂದಿದೆ. ಹಾಗಾದ್ರೆ ಟಿಬಿ ಇಲ್ಲ ಅಲ್ವಾ ಮೇಡಂ?"

ದಾವಣಗೆರೆಯ ನಮ್ಮ ಲ್ಯಾಬಿನ ಕಿಟಕಿ ಮುಂದೆ ಈ ಪ್ರಶ್ನೆ ಬರದ ವಾರವಿಲ್ಲ. ಸಿಬಿನಾಟ್ ಅಂದರೆ ಕಫದಂಥ ಸ್ಯಾಂಪಲ್‌ನಲ್ಲಿ ಟಿಬಿ ರೋಗಾಣುವಿನ ಡಿಎನ್‌ಎಯನ್ನು ಪಿಸಿಆರ್ ವಿಧಾನದಲ್ಲಿ ಹುಡುಕುವ ಮೆಷಿನ್ ಟೆಸ್ಟ್. ಕೇಳುವವರಿಗೆ ನನ್ನ ಬಾಯಿಂದ ಹೌದು ಅನ್ನಿಸಬೇಕು ಅಂತ ಆಸೆ. ಆದರೆ ರಿಪೋರ್ಟ್ ಹೇಳುವುದು ಇಷ್ಟೇ: ನೀವು ಕೊಟ್ಟ ಆ ಸ್ಯಾಂಪಲ್‌ನಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಸಿಗಲಿಲ್ಲ. ಎದೆಯೊಳಗೆ ರೋಗಾಣುವೇ ಇಲ್ಲ ಅಂತ ಅದು ಹೇಳುವುದಿಲ್ಲ. ಸ್ಯಾಂಪಲ್ ಸರಿ ಇತ್ತೇ, ಸರಿಯಾದ ದಿನ ತೆಗೆದದ್ದೇ, ಸರಿಯಾದ ಡಬ್ಬಿಯಲ್ಲಿ ಬಂತೇ ಅನ್ನುವುದರ ಮೇಲೆ ಆ ನೆಗೆಟಿವ್‌ಗೆ ಎಷ್ಟು ಬೆಲೆ ಅಂತ ತೀರ್ಮಾನವಾಗುತ್ತದೆ. ಎಲ್ಲರೂ ಮೆಷಿನ್ ಬಗ್ಗೆ ಮಾತಾಡುತ್ತಾರೆ. ನಾನು ಡಬ್ಬಿ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ.

ಮೊದಲು ಮೆಷಿನ್ ಏನು ಮಾಡುತ್ತದೆ ಅಂತ ನೋಡಿಬಿಡೋಣ. ಪಿಸಿಆರ್ ಅನ್ನುವುದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದೀರಿ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ವಿಧಾನ ಇದು. ಇದಕ್ಕೇ ಅವರಿಗೆ 1993ರಲ್ಲಿ ನೊಬೆಲ್ ಬಂತು. ಡಿಎನ್‌ಎಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಅದರ ಎರಡು ಎಳೆ ಬೇರೆಯಾಗುತ್ತವೆ. ತಣಿಸಿದಾಗ, ನಮಗೆ ಬೇಕಾದ ರೋಗಾಣುವಿನ ಜೀನ್‌ಗೆ ಮಾತ್ರ ಅಂಟುವ ಪ್ರೈಮರ್ ಅನ್ನುವ ಸಣ್ಣ ತುಂಡುಗಳು ಹೋಗಿ ಕೂರುತ್ತವೆ. ಅಲ್ಲಿಂದ ಒಂದು ಎನ್‌ಜೈಮ್ ಹೊಸ ಎಳೆ ಕಟ್ಟುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕು. 30 ಸುತ್ತು ಮುಗಿಯುವಷ್ಟರಲ್ಲಿ ಲೆಕ್ಕದ ಪ್ರಕಾರ 107 ಕೋಟಿ ದಾಟುತ್ತದೆ. ಅಷ್ಟು ಬಿಸಿಗೆ ಬೇರೆ ಎನ್‌ಜೈಮ್ ಆಗಿದ್ದರೆ ಕೆಟ್ಟೇ ಹೋಗುತ್ತಿತ್ತು. ಇದು ತಡೆಯುತ್ತದೆ, ಯಾಕೆಂದರೆ ಇದು ಸಿಕ್ಕಿದ್ದು ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ. ಈ ಸಂಗತಿ ನನಗೆ ಇವತ್ತಿಗೂ ಬೆರಗು.

ಟಿಬಿಯಲ್ಲಿ ಇದರಿಂದ ಎಷ್ಟು ಬದಲಾಯಿತು ಅಂತ ಹೇಳಿದರೆ ಮುಗಿಯುವುದಿಲ್ಲ. ಮೈಕ್ರೋಸ್ಕೋಪ್‌ನಲ್ಲಿ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ರೋಗಾಣು ಇರಬೇಕು. ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಅದಕ್ಕಿಂತ ಸೂಕ್ಷ್ಮ, ಆದರೆ ವಾರಗಟ್ಟಲೆ ಕಾಯಬೇಕು. ಲಿಕ್ವಿಡ್ ಕಲ್ಚರ್ ನೆಗೆಟಿವ್ ಅನ್ನೋದಕ್ಕೇ 42 ದಿನ ಬೇಕು. 2010ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸಿಬಿನಾಟ್, ಎಂಎಲ್‌ಗೆ ನೂರು ಚಿಲ್ಲರೆ ರೋಗಾಣು ಇದ್ದರೂ ಎರಡು ಗಂಟೆಯೊಳಗೆ ಹಿಡಿಯುತ್ತದೆ. ಸ್ಯಾಂಪಲ್ ತುಂಬಿ ಮೆಷಿನ್‌ಗೆ ಇಡುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗೆ ಕಾರ್ಟ್ರಿಜ್ ಅನ್ನುತ್ತಾರೆ. ಸಿಬಿನಾಟ್‌ನ ಮುಂದಿನ ಕಾರ್ಟ್ರಿಜ್ ಆದ ಅಲ್ಟ್ರಾಗೆ ಹದಿನಾರರ ಆಸುಪಾಸು ಇದ್ದರೂ ಸಾಕು. ಜೊತೆಗೆ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಮಾತ್ರೆಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ಹೇಳುತ್ತದೆ. ನಮ್ಮ ದೇಶದಲ್ಲೇ ತಯಾರಾದ ಟ್ರೂನ್ಯಾಟ್ ಅನ್ನುವ ಇಂಥದೇ ಮೆಷಿನ್ ಇನ್ನೂ ಚಿಕ್ಕದು, ಬ್ಯಾಟರಿಯಲ್ಲಿ ಓಡುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರುಗಳಿಗೆ ಅದು ದೊಡ್ಡ ಅನುಕೂಲ.

ಇಷ್ಟೆಲ್ಲ ಇದ್ದೂ ಡಬ್ಬಿಯಲ್ಲಿ ಜೊಲ್ಲು ತುಂಬಿ ಬಂದರೆ?

ಇಲ್ಲಿನ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವವರು, ಚಿತ್ರದುರ್ಗದ ಕಡೆ ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರು ಕೆಮ್ಮನ್ನು ಸುಮ್ನೆ ಹೊಗೆ ಕೆಮ್ಮು, ಧೂಳು ಕೆಮ್ಮು ಅಂತ ತಿಂಗಳುಗಟ್ಟಲೆ ತಳ್ಳುತ್ತಾರೆ. ಕಲ್ಲಿನ ಧೂಳು ಎದೆಯಲ್ಲಿ ಕೂತವರಿಗೆ ಟಿಬಿ ಬರುವ ಸಂಭವ ಬೇರೆಯವರಿಗಿಂತ ಜಾಸ್ತಿ. ಕೊನೆಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಬರುತ್ತಾರೆ. ಯಾರೋ ಒಂದು ಡಬ್ಬಿ ಕೊಟ್ಟು "ಇದ್ರಲ್ಲಿ ಉಗುಳ್ಕೊಂಡು ಬನ್ನಿ" ಅನ್ನುತ್ತಾರೆ. ಅವರು ಉಗುಳುತ್ತಾರೆ. ನೀರಿನ ಹಾಗಿರುವ, ನೊರೆ ನೊರೆ ಜೊಲ್ಲು ಬರುತ್ತದೆ. ಮೆಷಿನ್ ಅದರಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದೀತು?

ಹೇಳುವುದಕ್ಕೆ ಬೇಕಾಗಿರುವುದು ಎರಡು ನಿಮಿಷ. ನಾನು ಟೆಕ್ನಿಷಿಯನ್‌ಗಳಿಗೆ ಹೇಳಿಕೊಡುವುದು ಹೀಗೆ: "ಅಣ್ಣಾ, ಮೊದ್ಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಎರಡು ಸಲ ಎದೆ ತುಂಬಾ ಉಸಿರು ಎಳೆದು ನಿಧಾನಕ್ಕೆ ಬಿಡಿ. ಮೂರನೇ ಸಲ ಹೊಟ್ಟೆಯಿಂದ ಜೋರಾಗಿ ಕೆಮ್ಮಿ, ಬಂದದ್ದನ್ನ ಡಬ್ಬಿಗೆ ಹಾಕಿ. ಗಂಟಲು ಕ್ಯಾಕರಿಸಿದ್ದು ಬೇಡ." ಇದನ್ನು ಕಾರಿಡಾರ್‌ನಲ್ಲಿ ಜನರ ಮಧ್ಯೆ ಮಾಡಿಸಬಾರದು. ಗಾಳಿಯಾಡುವ ಬಯಲು ಜಾಗ ಬೇಕು. ಬೆಳಗ್ಗೆ ಎದ್ದ ಕೂಡಲೇ ಬರುವ ಕಫ ಎಲ್ಲಕ್ಕಿಂತ ಒಳ್ಳೆಯದು, ರಾತ್ರಿಯೆಲ್ಲ ಕೂಡಿಕೊಂಡದ್ದು ಅದರಲ್ಲಿರುತ್ತದೆ. ಗಟ್ಟಿಯಾಗಿ, ಹಳದಿ ಬಣ್ಣಕ್ಕೆ, ಲೋಳೆಯಾಗಿ ಎರಡು ಮೂರು ಎಂಎಲ್ ಬಂದರೆ ನಮಗೆ ಖುಷಿ. ಅದಕ್ಕೆ ಎರಡು ಪಾಲು ರೀಏಜೆಂಟ್ ಅನ್ನುವ ದ್ರಾವಣ ಹಾಕಿ, ಚೆನ್ನಾಗಿ ಅಲುಗಿಸಿ, ಹದಿನೈದು ನಿಮಿಷ ಬಿಡುತ್ತೇವೆ. ಲೋಳೆಯೆಲ್ಲ ಕರಗಿ ನೀರಾಗುತ್ತದೆ. ಆಮೇಲೆ ಕಾರ್ಟ್ರಿಜ್‌ಗೆ ಹಾಕುತ್ತೇವೆ. ಕೆಲಸ ಅಷ್ಟೇ. ಉಳಿದದ್ದನ್ನು ಮೆಷಿನ್ ನೋಡಿಕೊಳ್ಳುತ್ತದೆ.

ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತವೆ. ಅದಕ್ಕೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಟ್ಟೆಯ ದ್ರವ ತೆಗೆಯುತ್ತಾರೆ, ಮಲವನ್ನೂ ಪರೀಕ್ಷೆ ಮಾಡಬಹುದು. "ಎದೆ ಕಾಯಿಲೆಗೆ ಮಲ ಯಾಕೆ?" ಅಂತ ಮನೆಯವರು ಗಾಬರಿಯಾಗುವುದು ಸಹಜ. ಕಾರಣ ಇದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಕತ್ತಿನ ಗಂಟಿನ ಸ್ಯಾಂಪಲ್. ಚಳ್ಳಕೆರೆ ಕಡೆಯ ಹೆಣ್ಣುಮಗಳೊಬ್ಬಳಿಗೆ ಕತ್ತಿನ ಪಕ್ಕ ಗಂಟು ಬಂದಿತ್ತು. ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದಿದ್ದರು. ಅಣ್ಣ ಬಸ್ಸಿನಲ್ಲಿ ಬಾಟಲಿ ಹಿಡಿದುಕೊಂಡು ಬಂದ. "ಇದನ್ನ ಟಿಬಿ ಟೆಸ್ಟಿಗೆ ಕೊಡಿ ಅಂದಿದಾರೆ ಮೇಡಂ." ಮುಚ್ಚಳ ತೆಗೆದರೆ ಮೂಗು, ಕಣ್ಣು ಉರಿ. ಫಾರ್ಮಲಿನ್. ಪೂರ್ತಿ ಗಂಟನ್ನು ಅದರಲ್ಲೇ ಮುಳುಗಿಸಿದ್ದರು.

ಅಂಗಾಂಶವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಪೆಥಾಲಜಿಗೆ ಫಾರ್ಮಲಿನ್ ಬೇಕು, ಅಂಗಾಂಶ ಕೊಳೆಯದ ಹಾಗೆ ಅದು ಕಾಯುತ್ತದೆ. ಆದರೆ ಅದೇ ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ, ಹಾಗಾಗಿ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಡಿಎನ್‌ಎಯನ್ನೂ ಪ್ರೋಟೀನ್‌ಗಳ ಜೊತೆ ಬೆಸೆದು, ತುಂಡು ಮಾಡಿ ಹಾಳುಮಾಡುತ್ತದೆ. ನಮ್ಮ ಕಾರ್ಟ್ರಿಜ್‌ಗೆ ಅದು ಆಗುವುದಿಲ್ಲ. "ಅಣ್ಣಾ, ಇದಕ್ಕೆ ಔಷಧಿ ಹಾಕಿಬಿಟ್ಟಿದ್ದಾರೆ, ಈ ಟೆಸ್ಟಿಗೆ ಬರಲ್ಲ" ಅಂದೆ. "ಹಂಗಾರೆ ಮತ್ತೆ ಕುಯ್ಬೇಕಾ?" ಅಂದ. ಪುಣ್ಯಕ್ಕೆ ಪಕ್ಕದಲ್ಲೇ ಇನ್ನೊಂದು ಸಣ್ಣ ಗಂಟು ಉಳಿದಿತ್ತು. ಸೂಜಿಯಲ್ಲಿ ಎಳೆದ ಕೀವು ಸಲೈನ್‌ನಲ್ಲಿ, ಅಂದರೆ ಶುದ್ಧ ಉಪ್ಪುನೀರಲ್ಲಿ, ಬಂತು. ಟಿಬಿ ಇತ್ತು, ರಿಫಾಂಪಿಸಿನ್ ಕೆಲಸ ಮಾಡುವಂಥದ್ದೇ.

ನಿಮ್ಮ ಮನೆಯವರಿಗೆ ಯಾವುದೇ ಗಂಟು ತೆಗೆಯುವಾಗ ಟಿಬಿ ಇರಬಹುದು ಅಂತ ಮಾತು ಬಂದರೆ, ಆಪರೇಷನ್‌ಗೆ ಮೊದಲೇ ಕೇಳಿ: "ಸಾರ್, ಒಂದು ಚೂರು ಸಲೈನ್‌ನಲ್ಲೂ ಹಾಕ್ತೀರಾ?" ಒಂದು ಚೂರು ಫಾರ್ಮಲಿನ್‌ಗೆ, ಒಂದು ಚೂರು ಸಲೈನ್‌ಗೆ. ಯಾವ ಸರ್ಜನ್ನರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಜ್ವರಕ್ಕೆ ಬಂದರೆ ದಿನದ ಲೆಕ್ಕ ಮುಖ್ಯ. ಡೆಂಗಿ ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಮೊದಲ ಐದು ದಿನ. ಆಗ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್1, ಇಲ್ಲವೇ ಪಿಸಿಆರ್. ಆಮೇಲೆ ವೈರಸ್ ವಿರುದ್ಧ ದೇಹ ತಯಾರಿಸುವ ಐಜಿಎಂ ಅನ್ನುವ ಪ್ರತಿಕಾಯ ನೋಡಬೇಕು. ಎಂಟನೇ ದಿನ ಪಿಸಿಆರ್ ಮಾಡಿಸಿ ನೆಗೆಟಿವ್ ಬಂದರೆ ಡೆಂಗಿ ಅಲ್ಲ ಅಂತ ಹೇಳಲಾಗದು. ಹಾಗಾಗಿ ಲ್ಯಾಬ್ ಚೀಟಿಯಲ್ಲಿ ಜ್ವರ ಶುರುವಾದ ತಾರೀಖು ಬರೆಸಿ. ಎಷ್ಟೋ ಚೀಟಿಯಲ್ಲಿ ಬರೀ "ಜ್ವರ" ಅಂತ ಇರುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಮಲೆನಾಡಿಗೆ ಕೂಲಿಗೆ ಹೋಗಿ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮಗೆ ದೂರದ್ದೇನಲ್ಲ, ಅದನ್ನೂ ಪಿಸಿಆರ್‌ನಲ್ಲೇ ಹಿಡಿಯುತ್ತಾರೆ. ಆದರೆ ಯಾರಾದರೂ ಅದನ್ನೇ ಹುಡುಕಿ ಅಂತ ಬರೆದರೆ ಮಾತ್ರ. ಪ್ರೈಮರ್ ಯಾವುದಕ್ಕೆ ಹಾಕಿದೆಯೋ ಅದಷ್ಟೇ ಸಿಗುತ್ತದೆ. ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಕಂಕುಳು, ತೊಡೆಸಂದಿಯಲ್ಲಿ ಕಪ್ಪು ಹಕ್ಕಳೆ ಕಟ್ಟಿದ ಸಣ್ಣ ಗಾಯವಿದ್ದರೆ ತೋರಿಸಿ, ಸಂಕೋಚ ಬೇಡ. ಪಿಸಿಆರ್‌ಗೆ ರಕ್ತಕ್ಕಿಂತ ಆ ಹಕ್ಕಳೆಯೇ ಒಳ್ಳೆ ಸ್ಯಾಂಪಲ್.

ಒಂದೇ ಸಲಕ್ಕೆ ಇಪ್ಪತ್ತಕ್ಕೂ ಹೆಚ್ಚು ರೋಗಾಣು ನೋಡುವ ಪ್ಯಾನೆಲ್‌ಗಳೂ ಈಗ ಸಿಗುತ್ತವೆ. ಐಸಿಯುನಲ್ಲಿ ಮಿದುಳು ಜ್ವರದ ರೋಗಿಗೆ ಅದು ಜೀವ ಉಳಿಸಬಹುದು. ಸಾಧಾರಣ ನೆಗಡಿ, ಜ್ವರಕ್ಕೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ನ್ಯುಮೋನಿಯಾ ತರಬಲ್ಲ ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕೆಲವರ ಗಂಟಲಲ್ಲೂ ಇರುತ್ತದೆ. ಅದು ಪಾಸಿಟಿವ್ ಬಂತು ಅಂತ ಆ್ಯಂಟಿಬಯೋಟಿಕ್ ಶುರುಮಾಡಿದರೆ ಯಾರಿಗೂ ಲಾಭವಿಲ್ಲ.

ಪಾಸಿಟಿವ್ ಬಗ್ಗೆ ಇನ್ನೊಂದು ಮಾತು. ಟಿಬಿ ಮಾತ್ರೆ ಮುಗಿಸಿದ ಮೇಲೆ ಸುಮ್ನೆ ಸಮಾಧಾನಕ್ಕೆ ಅಂತ ಕೆಲವರು ಖಾಸಗಿಯಾಗಿ ಸಿಬಿನಾಟ್ ಮಾಡಿಸುತ್ತಾರೆ. ಪಾಸಿಟಿವ್ ಬಂದರೆ ಮನೆಯಲ್ಲಿ ಅಳು. ಸತ್ತ ರೋಗಾಣುವಿನ ಡಿಎನ್‌ಎ ಕೂಡ ತಿಂಗಳುಗಟ್ಟಲೆ ಉಳಿದಿರಬಹುದು, ಮೆಷಿನ್‌ಗೆ ಸತ್ತದ್ದು ಬದುಕಿದ್ದು ಅಂತ ಭೇದ ಇಲ್ಲ. ಗುಣವಾಗಿದೆಯೋ ಇಲ್ಲವೋ ನೋಡುವುದು ಮೈಕ್ರೋಸ್ಕೋಪ್, ಕಲ್ಚರ್‌ನಲ್ಲಿ.

ಇನ್ನು, ಪಾಸಿಟಿವ್ ಬಂದ ಮೇಲೂ "ಇನ್ನೊಂದು ಡಬ್ಬಿ ಕಫ ಕೊಡಿ" ಅಂದರೆ ಜನ ಸಿಟ್ಟಾಗುತ್ತಾರೆ. "ಟಿಬಿ ಅಂತ ಗೊತ್ತಾಯ್ತಲ್ಲ, ಮತ್ತೆ ಯಾಕೆ?" ನಮ್ಮಲ್ಲಿ ಮೊದಲು ಮಾಡುವ ಟೆಸ್ಟ್ ರಿಫಾಂಪಿಸಿನ್ ಒಂದನ್ನೇ ನೋಡುತ್ತದೆ. ಟಿಬಿಯ ಇನ್ನೊಂದು ಮುಖ್ಯ ಮಾತ್ರೆ ಐಸೋನಿಯಾಜಿಡ್. ಅದಕ್ಕೆ ರೋಗಾಣು ಬಗ್ಗದಿದ್ದರೆ ಆ ಕಾರ್ಟ್ರಿಜ್‌ನಲ್ಲಿ ಗೊತ್ತಾಗುವುದಿಲ್ಲ. ಎರಡನೇ ಡಬ್ಬಿ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎಲ್‌ಪಿಎ ಅನ್ನುವ ಪಟ್ಟಿಯ ಮೇಲೆ ಬೇರೆ ಜೀನ್‌ಗಳನ್ನು ನೋಡುತ್ತಾರೆ. ಐಸೋನಿಯಾಜಿಡ್ ಕೆಲಸ ಮಾಡುವುದಿಲ್ಲ ಅಂತ ಬಂದರೆ ಮಾತ್ರೆಗಳನ್ನೇ ಬದಲಾಯಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಆ ಎರಡನೇ ಡಬ್ಬಿಯನ್ನೂ ಬೆಳಗ್ಗೆ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿಯೇ ಕೊಡಿ.