ಒಂದು ಕಪ್ ಕೊತ್ತಂಬರಿ ಅಂದ್ರೆ ಎಷ್ಟು ಗ್ರಾಂ?

ಮೇ ತಿಂಗಳ ಮದುವೆ. ಇನ್ನೂರು ಮಂದಿಗೆ ಮೆಂತ್ಯೆ ಪಲಾವ್. ಬಿಡಿಸಿದ ಸೊಪ್ಪು 2 ಕಿಲೋ ಬೇಕಿತ್ತು. ಆ ಬಿಸಿಲಿಗೆ ಕೊಪ್ಪಳದ ಸಂತೆಯಲ್ಲಿ ಸಿಕ್ಕಿದ್ದು ಬಾಡಿದ ನಾಲ್ಕು ಸಿವುಡು. ಸರಿ, ಕಸೂರಿ ಮೇಥಿ ಹಾಕೋಣ ಅಂದುಕೊಂಡೆ. ಹಸಿ ಸೊಪ್ಪು ಮೂರು ಚಮಚ ಇದ್ದಲ್ಲಿ ಒಣದ್ದು ಒಂದು ಚಮಚ ಅನ್ನೋ ಲೆಕ್ಕ ನನಗೆ ಬಾಯಿಪಾಠ. 2 ಕಿಲೋಗೆ ಮೂರನೇ ಒಂದು ಪಾಲು ಅಂತ 650 ಗ್ರಾಂ ಸುರಿದೆ. ಬೀಗರು ಮೊಸರು ಕಲಸಿಕೊಂಡು ಹೇಗೋ ಉಂಡರು. ಅಷ್ಟು ಕಹಿ!

ಚಮಚದ ಲೆಕ್ಕವನ್ನು ತಕ್ಕಡಿಗೆ ಹಾಕಿದ್ದೇ ತಪ್ಪು. ಮೇಲೆ ಉದುರಿಸೋ ಒಂದೆರಡು ಚಮಚಕ್ಕೆ ಮಾತ್ರ ಆ ಲೆಕ್ಕ ನಡೆಯುತ್ತದೆ. ಮೆಂತ್ಯೆ ಸೊಪ್ಪಿನಲ್ಲಿ ನೂರಕ್ಕೆ 85ರಷ್ಟು ನೀರೇ. ಒಣಗಿಸಿದರೆ 100 ಗ್ರಾಂ ಸೊಪ್ಪು 15 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನೀರು ಹೋಗುತ್ತದೆ, ಕಹಿ ಹೋಗುವುದಿಲ್ಲ. ಅಂದರೆ ನನಗೆ ಬೇಕಿದ್ದದ್ದು ಹೆಚ್ಚೆಂದರೆ 300 ಗ್ರಾಂ. ಕೊತ್ತಂಬರಿ ಸೊಪ್ಪಿನ ಕಥೆ ಉಲ್ಟಾ. ಒಣಗಿದರೆ ಘಮವೇ ಹಾರಿಹೋಗುತ್ತದೆ. ಅದನ್ನು ಒಣಗಿಸೋದೇ ದಂಡ ಅಂತ ನನ್ನ ಅಭಿಪ್ರಾಯ.

ಇನ್ನು ಕಪ್ಪಿನ ವಿಷಯ. ಅಳತೆಯ ಕಪ್ಪು 240 ಎಂಎಲ್. ಸಣ್ಣಗೆ ಹೆಚ್ಚಿದ ಕೊತ್ತಂಬರಿಯನ್ನು ಸುಮ್ನೆ ಉದುರಿಸಿ ತುಂಬಿದರೆ 16 ಗ್ರಾಂ ಹತ್ತಿರ ಬರುತ್ತದೆ. ಹೆಬ್ಬೆರಳಿಂದ ಒತ್ತಿ, ಮತ್ತೆ ತುಂಬಿ, ಮತ್ತೆ ಒತ್ತಿ ನೋಡಿ. ಅದೇ ಕಪ್ಪು, ತೂಕ ಹೆಚ್ಚುಕಮ್ಮಿ ಎರಡು ಪಟ್ಟು. ತೊಳೆದು ನೀರು ಸೋಸದೆ ತೂಗಿದರೆ ಇನ್ನೂ ಜಾಸ್ತಿ. ರಾಯಚೂರು ಕಡೆ ಬೇಸಿಗೆಯಲ್ಲಿ ಸೊಪ್ಪಿನವರು ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾರೆ, ಪಾಪ, ಇಲ್ಲದಿದ್ದರೆ ಬಾಡುತ್ತದೆ. ಆದರೆ ಆ ನೀರೂ ತಕ್ಕಡಿಗೆ ಬರುತ್ತೆ ಅಲ್ವಾ? ಅದಕ್ಕೇ ನಾನು ಸೊಪ್ಪು ಬಿಡಿಸಿ, ತೊಳೆದು, ಬಟ್ಟೆ ಮೇಲೆ ಆರಿಸಿದ ಮೇಲೆಯೇ ತೂಗೋದು.

ಅಜ್ಜಿಗೆ ಈ ತಾಪತ್ರಯ ಇರಲಿಲ್ಲ. ಜೋಳ ಅಳೆಯಲು ಒಂದು ಸೇರು, ಬೆಲ್ಲ ತೂಗಲು ಇನ್ನೊಂದು ಸೇರು. ತೂಕದ ಸೇರು ಅಂದರೆ 80 ತೊಲ, ಈಗಿನ ಲೆಕ್ಕಕ್ಕೆ ಸುಮಾರು 933 ಗ್ರಾಂ. ಸೊಪ್ಪು ಮಾತ್ರ ಎರಡಕ್ಕೂ ಸಿಗದೆ ಸಿವುಡಿನಲ್ಲೇ ಉಳಿಯಿತು.

ಚಮಚ ಅಂದರೆ 5 ಗ್ರಾಂ ಅಂತ ಬಹಳ ಜನ ತಿಳಿದಿದ್ದಾರೆ. ಅಳತೆಯ ಚಿಕ್ಕ ಚಮಚ 5 ಎಂಎಲ್, ನೀರಾದರೆ ಮಾತ್ರ 5 ಗ್ರಾಂ. ಹವೀಜ (ಕೊತ್ತಂಬರಿ ಬೀಜ), ಜೀರಿಗೆ ಎರಡೂ 2 ಗ್ರಾಂ ಆಸುಪಾಸು. ಅರಿಶಿನ ಪುಡಿ 3. ಪುಡಿ ಉಪ್ಪು 6. ಪುಡಿ ಮಾಡದ ಕಸೂರಿ ಮೇಥಿ 1 ಗ್ರಾಂ ಕೂಡ ತೂಗುವುದಿಲ್ಲ. ಇಂಥ ಸಣ್ಣ ತೂಕಕ್ಕೆ ಮನೆಯ ತಕ್ಕಡಿ ನಂಬಬೇಡಿ. 1 ಗ್ರಾಂ ಇಟ್ಟರೆ ಒಮ್ಮೆ 0, ಒಮ್ಮೆ 2 ತೋರಿಸುತ್ತದೆ. ನಾಲ್ಕು ಜನರ ಅಡುಗೆಗೆ ಚಮಚವೇ ವಾಸಿ. ಐವತ್ತು ದಾಟಿದರೆ ಎಲ್ಲವೂ ತಕ್ಕಡಿಗೆ.

ಚಮಚ ಸರಿಯಿದೆಯೇ ಅಂತ ನೋಡೋದು ಸುಲಭ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ 5 ಎಂಎಲ್ ಗೆರೆ ಇರುತ್ತದೆ. ತೊಳೆದು, ಗೆರೆವರೆಗೆ ನೀರು ಹಾಕಿ, ಚಮಚಕ್ಕೆ ಬಗ್ಗಿಸಿ. ನಮ್ಮ ಮನೆಯ ಚಹಾ ಚಮಚದಲ್ಲಿ ನೀರು ತುಳುಕಿ ಕಟ್ಟೆ ಮೇಲೆ ಹರಿಯಿತು.